ಹೆಬ್ಬಗೋಡಿಯ ಛಾಯಾಚಿತ್ರಗಳು: ನಿವಾಸಿಗಳ ಹಂಚಿಕೆ ಮತ್ತು ಸ್ಥಳೀಯ ಚರಿತ್ರೆಯ ಆಕರ

ಕರ್ನಾಟಕದ ಸ್ಥಳೀಯ ಚರಿತ್ರೆಯನ್ನು ಬರೆಯಹೊರಟವರು ಶಾಸನ, ಕೈಫಿಯತ್ತು, ಕಂದಾಯ ಕಡತ, ಗ್ಯಾಸೆಟಿಯರ್ ಮತ್ತು ಮೌಖಿಕ ಪರಂಪರೆ ಇವುಗಳನ್ನು ಆಕರಗಳಾಗಿ ಬಳಸಿಕೊಳ್ಳುತ್ತ ಬಂದಿದ್ದಾರೆ. ಛಾಯಾಚಿತ್ರಕ್ಕೆ ಈ ಸಾಲಿನಲ್ಲಿ ಸಿಕ್ಕಿರುವ ಸ್ಥಾನ ತೀರ ಕಡಿಮೆ. ಗ್ರಂಥದ ಕೊನೆಯಲ್ಲಿ ಹೊಳಪಿನ ಹಾಳೆಯ ಮೇಲೆ ನಾಲ್ಕು ದೇವಾಲಯಗಳ ಚಿತ್ರಗಳನ್ನು ಅಚ್ಚುಮಾಡಿದರೆ ಅದರ ಕೆಲಸ ಮುಗಿಯಿತೆಂದು ಭಾವಿಸುವುದು ರೂಢಿಯಾಗಿದೆ. ಶಾಸನವಾಗಲಿ ಪ್ರಾಚೀನ ದೇವಾಲಯವಾಗಲಿ ತನ್ನ ಗುರುತಾಗಿಲ್ಲದ, ಆದರೆ ಕಣ್ಣೆದುರಿಗೇ ರೂಪ ಬದಲಿಸಿದ ಊರುಗಳ ವಿಷಯದಲ್ಲಿ ಈ ರೂಢಿ ಸಾಲದು. ಅಂಥ ಊರುಗಳಲ್ಲಿ ಒಂದಾದ ಹೆಬ್ಬಗೋಡಿಯನ್ನು ಮುಂದಿಟ್ಟುಕೊಂಡು, ನಿವಾಸಿಗಳು ತಮ್ಮ ಊರಿನ ಚಿತ್ರಗಳನ್ನು ಪರಸ್ಪರ ಹಂಚಿಕೊಳ್ಳುವ ಕ್ರಿಯೆಯು ಚರಿತ್ರೆಗೆ ಏನನ್ನು ಕೊಡುತ್ತದೆ, ಏನನ್ನು ಕಳೆಯುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಹೆಬ್ಬಗೋಡಿ ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದೆ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯನ್ನು ದಾಟಿ ಬೊಮ್ಮಸಂದ್ರವನ್ನು ಸೇರುವ ಮೊದಲು ಈ ಊರು ಸಿಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ಇನ್ನೊಂದು ಬದಿಯಲ್ಲಿ ಬೊಮ್ಮಸಂದ್ರ, ಜಿಗಣಿಗಳ ಕೈಗಾರಿಕಾ ಪ್ರದೇಶಗಳು ಬೆಳೆದವು. ಬಯೋಕಾನ್ ಸಂಸ್ಥೆಯ ಆವರಣ ಹೆಬ್ಬಗೋಡಿಯಲ್ಲೇ ನೆಲೆಗೊಂಡಿತು. 2010ರ ಜನವರಿಯಲ್ಲಿ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ ರಸ್ತೆ ಎಲೆಕ್ಟ್ರಾನಿಕ್ಸ್ ಸಿಟಿಯವರೆಗೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ಆರಂಭವಾಯಿತು. ಗ್ರಾಮ ಪಂಚಾಯಿತಿಯ ಊರು ಇಂದು ನಗರಸಭೆಯ ಊರು. ಇಷ್ಟೆಲ್ಲ ನಡೆದದ್ದು ಒಬ್ಬ ಮನುಷ್ಯನ ಆಯುಸ್ಸಿನೊಳಗೆ; ರಾಗಿ ಹೊಲದಲ್ಲಿ ಕಳೆ ಕಿತ್ತ ಕೈಗಳೇ ಈಗ ಮೆಟ್ರೊದ ಟೋಕನ್ ಹಿಡಿಯುತ್ತಿವೆ.

ಈ ಬದಲಾವಣೆಗೆ ಬರಹದ ದಾಖಲೆಗಳು ಧಾರಾಳವಾಗಿವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ 1966ರ ಅನ್ವಯ ಹೊರಡುವ ಭೂಸ್ವಾಧೀನದ ಅಧಿಸೂಚನೆಗಳು ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿಗಳನ್ನು ಹೇಳುತ್ತವೆ. ಪರಿಹಾರದ ಕಡತಗಳು ಗಿಡ, ಮರ, ಬಾವಿಗಳನ್ನು ಎಣಿಸಿ ಬೆಲೆ ಕಟ್ಟುತ್ತವೆ. ಬಾವಿಯ ಕಟ್ಟೆಯ ಮೇಲೆ ಸಂಜೆ ಯಾರು ಕೂರುತ್ತಿದ್ದರು, ಕಟ್ಟೆಗೆ ಎಷ್ಟು ಮೆಟ್ಟಿಲಿದ್ದವು, ಅದರ ಪಕ್ಕದಲ್ಲಿ ಹುಲ್ಲಿನ ಮೆದೆ ಇತ್ತೇ ದನದ ಕೊಟ್ಟಿಗೆ ಇತ್ತೇ ಎಂಬುದು ಯಾವ ಕಡತದಲ್ಲೂ ಸಿಗುವುದಿಲ್ಲ. ಉಪಗ್ರಹಗಳು ತೆಗೆದ ಹಳೆಯ ಚಿತ್ರಗಳಲ್ಲಿ ಕೆರೆಯ ಅಂಚು ಹಿಂದೆ ಸರಿದದ್ದನ್ನು ನೋಡಬಹುದು, ಆದರೆ ಮೇಲಿನಿಂದ ನೋಡುವ ಕಣ್ಣಿಗೆ ಮನೆಯ ಜಗಲಿ ಕಾಣದು. ನೆಲದ ಮಟ್ಟದಿಂದ, ಮನುಷ್ಯನ ಕಣ್ಣಿನ ಎತ್ತರದಿಂದ ಈ ಊರನ್ನು ಕಂಡ ಚಿತ್ರಗಳು ಇರುವುದು ಹೆಚ್ಚಾಗಿ ನಿವಾಸಿಗಳ ಬಳಿಯಲ್ಲಿ ಮಾತ್ರ.

ಕ್ಯಾಮೆರಾ ಕಂಡ ಊರು, ಕಾಣದ ಊರು

ಛಾಯಾಗ್ರಹಣ ಕರ್ನಾಟಕಕ್ಕೆ ತಡವಾಗಿ ಬಂದದ್ದಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ, ವೈದ್ಯ ನೀಲ್ ಅವರ ಜೊತೆಯಲ್ಲಿ, ಬೇಲೂರು ಮತ್ತು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು; ಅವು ಮರುವರ್ಷವೇ ಮದರಾಸಿನ ವಸ್ತುಪ್ರದರ್ಶನದಲ್ಲಿ ಕಾಣಿಸಿಕೊಂಡವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಲೇಪಿತ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದನು. ಮುಂದೆ ಬೆಂಗಳೂರಿನ ದಂಡುಪ್ರದೇಶದಲ್ಲಿ ಬಾರ್ಟನ್ ಮೊದಲಾದವರ ಸ್ಟುಡಿಯೊಗಳು ಹುಟ್ಟಿಕೊಂಡವು, 1910ರಲ್ಲಿ ಜಿ.ಕೆ. ವೇಲ್ ಸ್ಟುಡಿಯೊ ಆರಂಭವಾಯಿತು. ಮೈಸೂರು ಸಂಸ್ಥಾನದ ಪ್ರಾಚ್ಯ ಸಂಶೋಧನಾ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಚಿತ್ರಫಲಕಗಳಿರುತ್ತಿದ್ದವು.

ಈ ಪರಂಪರೆಯನ್ನು ಅವಲೋಕಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕ್ಯಾಮೆರಾ ನಿಂತದ್ದು ಶಿಲ್ಪದೆದುರು, ಅರಮನೆಯೆದುರು, ದಂಡಿನ ಬಂಗಲೆಗಳೆದುರು. ಬೇಸಾಯದ ಹಳ್ಳಿಯ ಮುಂದೆ ನಿಲ್ಲಲು ಅದಕ್ಕೆ ಕಾರಣವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಟಿ.ಎಸ್. ಸತ್ಯನ್ ಅವರಂಥ ಪತ್ರಿಕಾ ಛಾಯಾಗ್ರಾಹಕರು ಸಾಮಾನ್ಯರ ದಿನಚರಿಯತ್ತ ಕ್ಯಾಮೆರಾ ತಿರುಗಿಸಿದರು ಎಂಬುದು ನಿಜ. ಆದರೂ ಹೊಸೂರು ರಸ್ತೆಯ ಪ್ರತಿಯೊಂದು ಹಳ್ಳಿಗೂ ಒಬ್ಬ ಸತ್ಯನ್ ಬರುವುದು ಸಾಧ್ಯವಿರಲಿಲ್ಲ. ಹೀಗಾಗಿ ಹೆಬ್ಬಗೋಡಿಯಂಥ ಊರಿನ ದೃಶ್ಯಚರಿತ್ರೆಯನ್ನು ಹುಡುಕುವವನು ಸರ್ಕಾರಿ ಸಂಗ್ರಹಗಳ ಬಾಗಿಲಿನಿಂದ ಮನೆಗಳ ಅಲ್ಮೇರದ ಕಡೆಗೆ ನಡೆಯಬೇಕಾಗುತ್ತದೆ.

ಮನೆಯ ಆಲ್ಬಮ್ಮು ಎಂಬ ಕಡತ

ಗ್ರಾಮೀಣ ಕುಟುಂಬಗಳ ಹಳೆಯ ಚಿತ್ರಗಳು ಸಾಮಾನ್ಯವಾಗಿ ಪೇಟೆಯ ಸ್ಟುಡಿಯೊದಲ್ಲಿ ತೆಗೆಸಿದವು. ಹಿಂದೆ ಬಣ್ಣದ ಪರದೆ, ಅದರಲ್ಲಿ ಉದ್ಯಾನವೊ ಮೆಟ್ಟಿಲುಗಳಿರುವ ಬಂಗಲೆಯೊ. ಮುಂದೆ ಕುರ್ಚಿಯಲ್ಲಿ ಯಜಮಾನ, ಪಕ್ಕದಲ್ಲಿ ನಿಂತ ಪತ್ನಿ. ಇವುಗಳಲ್ಲಿ ಉಡುಪು, ಒಡವೆ, ಬಂಧುತ್ವದ ಕ್ರಮ ತಿಳಿಯುತ್ತದೆ, ಊರು ಕಾಣುವುದಿಲ್ಲ. 1993ರಲ್ಲಿ ಭಾವಚಿತ್ರವುಳ್ಳ ಮತದಾರರ ಗುರುತಿನ ಚೀಟಿ ಜಾರಿಗೆ ಬಂದಾಗ ಜೀವನದಲ್ಲಿ ಮೊದಲ ಬಾರಿಗೆ ಕ್ಯಾಮೆರಾದೆದುರು ಕುಳಿತ ಹಿರಿಯರು ನಾಡಿನಾದ್ಯಂತ ಅನೇಕರಿದ್ದರು. ಅಂಥವರು ತೀರಿಕೊಂಡ ಮೇಲೆ ಗುರುತಿನ ಚೀಟಿಯ ಆ ಚಿಕ್ಕ ಮುಖವನ್ನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಗೋಡೆಗೆ ಏರಿಸಿದ್ದನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಚುನಾವಣಾ ಆಯೋಗವು ತನಗರಿವಿಲ್ಲದೆಯೇ ಮಾಡಿದ ಸಾಂಸ್ಕೃತಿಕ ಸೇವೆ ಇದು.

ಊರು ಚಿತ್ರದೊಳಗೆ ಬಂದದ್ದು ಮದುವೆಯ ಮೂಲಕ. ಬಣ್ಣದ ಫಿಲ್ಮು ಅಗ್ಗವಾದ ಕಾಲದಲ್ಲಿ ಮದುವೆಗಳು ಇನ್ನೂ ಮನೆಯ ಮುಂದಿನ ಚಪ್ಪರದಲ್ಲಿ ನಡೆಯುತ್ತಿದ್ದವು. ಛಾಯಾಗ್ರಾಹಕನು ಮನೆಗೇ ಬಂದನು. ಅವನ ಗಮನವೆಲ್ಲ ವಧೂವರರ ಮೇಲೆ. ಅವನ ಕ್ಯಾಮೆರಾ ಮಾತ್ರ ಎದುರಿಗಿದ್ದುದನ್ನೆಲ್ಲ ಸ್ವೀಕರಿಸಿತು. ಅರಿಶಿನದ ಶಾಸ್ತ್ರದ ಹಿಂದೆ ಹೆಂಚಿನ ಮಾಡು, ಬೀದಿಯ ನಲ್ಲಿ, ಗೋಡೆಯ ಮೇಲೆ ಚುನಾವಣೆಯ ಬರಹ, ಮಣ್ಣಿನ ರಸ್ತೆಯಲ್ಲಿ ನಿಂತ ಎತ್ತಿನ ಗಾಡಿ. ಊರೂಟದ ಪಂಕ್ತಿಯ ಹಿಂದೆ ಕಣ, ಕಣದ ಅಂಚಿನಲ್ಲಿ ಹುಣಸೆ ಮರ. ಚರಿತ್ರೆಕಾರನಿಗೆ ಬೇಕಾದದ್ದು ಇರುವುದು ಚಿತ್ರದ ಹಿನ್ನೆಲೆಯಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮದುವೆಗಳು ಚಪ್ಪರವನ್ನು ಬಿಟ್ಟು ಕಲ್ಯಾಣ ಮಂಟಪಗಳಿಗೆ ಹೋದಾಗ ಚಿತ್ರಗಳ ಸಂಖ್ಯೆ ಹಲವು ಪಟ್ಟು ಏರಿತು, ಆದರೆ ಊರು ಚಿತ್ರದಿಂದ ಹೊರಬಿದ್ದಿತು. ಮಂಟಪದ ವೇದಿಕೆಯ ಹಿಂದಿರುವುದು ಬಟ್ಟೆಯ ಅಲಂಕಾರ. ಅದು ಹೆಬ್ಬಗೋಡಿಯಲ್ಲೂ ಒಂದೇ, ಹಾಸನದಲ್ಲೂ ಒಂದೇ. ಬೆಂಗಳೂರಿನ ಸುತ್ತಲಿನ ಹಳ್ಳಿಗಳು ಅತ್ಯಂತ ವೇಗವಾಗಿ ಬದಲಾಗತೊಡಗಿದ ಕಾಲವೂ, ಮದುವೆಗಳು ಮಂಟಪಕ್ಕೆ ಸರಿದ ಕಾಲವೂ ಹೆಚ್ಚುಕಡಿಮೆ ಒಂದೇ. ಕೈಯಲ್ಲಿ ಕ್ಯಾಮೆರಾವಿರುವ ಮೊಬೈಲು ಬರುವವರೆಗಿನ ಆ ನಡುವಿನ ವರ್ಷಗಳಲ್ಲಿ ಬೀದಿಗಳ ಚಿತ್ರ ತೀರ ವಿರಳವೆಂದು ಊಹಿಸಬಹುದು. ಸಂಗ್ರಹಕಾರರು ಮೊದಲು ಹುಡುಕಬೇಕಾದದ್ದು ಈ ಅವಧಿಯ ಗೃಹಪ್ರವೇಶ, ನಾಮಕರಣ, ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವಗಳ ಚಿತ್ರಗಳನ್ನು.

ಇವು ಬಹುಕಾಲ ಉಳಿಯುವ ವಸ್ತುಗಳೂ ಅಲ್ಲ. ಆ ಕಾಲದ ಅಂಟುಹಾಳೆಯ ಆಲ್ಬಮ್ಮುಗಳಲ್ಲಿ ಅಂಟು ಹಳದಿಗಟ್ಟಿ ಚಿತ್ರದ ಬೆನ್ನನ್ನು ತಿನ್ನುತ್ತದೆ. ಬಿಡಿಸಲು ಹೋದರೆ ಚಿತ್ರವೇ ಹರಿಯುತ್ತದೆ. ಬಣ್ಣದ ಪ್ರತಿಗಳು ಬೆಳಕಿಗೆ ಮಾಸಿ ಕೆಂಪೇರುತ್ತವೆ. ನೆಗೆಟಿವ್‌ಗಳು ಮನೆಯಲ್ಲಿರದೆ ಸ್ಟುಡಿಯೊದಲ್ಲಿ ಉಳಿಯುತ್ತಿದ್ದವು; ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಬಾಗಿಲು ಮುಚ್ಚಿದ ಸ್ಟುಡಿಯೊಗಳ ಜೊತೆಗೆ ಅವೂ ಹೋದವು. ಹಳೆಯ ಮನೆಯನ್ನು ಕೆಡವಿ ಬಾಡಿಗೆಯ ಕೋಣೆಗಳಿರುವ ನಾಲ್ಕಂತಸ್ತಿನ ಕಟ್ಟಡ ಕಟ್ಟುವಾಗ ಟ್ರಂಕು ಎಲ್ಲಿಗೆ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ.

ಹಂಚಿಕೆಯಲ್ಲಿ ಉಳಿಯುವುದು ಮತ್ತು ಅಳಿಯುವುದು

ಮೊಬೈಲು ದೂರವಾಣಿ ಈ ಸ್ಥಿತಿಯನ್ನು ತಲೆಕೆಳಗು ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ಬಳಿಕ ಅಂತರ್ಜಾಲ ಅಗ್ಗವಾಗಿ, ಚಿತ್ರವನ್ನು ಕಳುಹಿಸುವುದಕ್ಕೆ ಯಾರೂ ಲೆಕ್ಕ ನೋಡದಂತಾಯಿತು. ಮಳೆಗೆ ಕೆರೆಯಾದ ರಸ್ತೆ, ಹಬ್ಬದ ತೇರು, ಹಳೆಯ ಶಾಲೆಯ ಗುಂಪುಚಿತ್ರ, ತಾತನ ಕಾಲದ ಮದುವೆಯ ಫೋಟೊ ಎಲ್ಲವೂ ಬೀದಿಯವರ, ಸಹಪಾಠಿಗಳ, ನೆಂಟರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತವೆ. ಒಂದೇ ಪ್ರತಿಯಿದ್ದ ಚಿತ್ರಕ್ಕೆ ಈಗ ಇನ್ನೂರು ಪ್ರತಿಗಳಿರುವುದರಿಂದ ಅದು ನಾಶವಾಗುವ ಭಯ ಕಡಿಮೆಯಾಗಿದೆ. ಇದು ಹಂಚಿಕೆಯ ಲಾಭ.

ನಷ್ಟ ಬೇರೆ ಬಗೆಯದು. ಡಿಜಿಟಲ್ ಚಿತ್ರದ ಕಡತದೊಳಗೆ ಕ್ಯಾಮೆರಾ ತಾನೇ ಬರೆದಿಡುವ ವಿವರಗಳಿರುತ್ತವೆ: ತೆಗೆದ ದಿನಾಂಕ, ಗಂಟೆ, ಉಪಕರಣದ ಹೆಸರು, ಸ್ಥಳ ಗುರುತಿಸುವ ಸೌಲಭ್ಯ ತೆರೆದಿದ್ದರೆ ಅಕ್ಷಾಂಶ ರೇಖಾಂಶಗಳು. ವಾಟ್ಸಾಪಿನಲ್ಲಿ ಚಿತ್ರವನ್ನು ಮಾಮೂಲು ರೀತಿಯಲ್ಲಿ ಕಳುಹಿಸಿದಾಗ ಈ ವಿವರಗಳು ಕಳಚಿಹೋಗುತ್ತವೆ. ಚಿತ್ರವೂ ಕುಗ್ಗಿ, ಹಿನ್ನೆಲೆಯ ಅಂಗಡಿ ಫಲಕದ ಅಕ್ಷರಗಳು ಕಲಸಿಹೋಗುತ್ತವೆ. ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ವಿವರಗಳು ಉಳಿಯುತ್ತವೆ, ಆದರೆ ಹಾಗೆ ಕಳುಹಿಸುವವರು ವಿರಳ. ಕಾಗದದ ಚಿತ್ರವನ್ನು ಮೊಬೈಲಿನಲ್ಲಿ ಮರುಚಿತ್ರಿಸಿ ಕಳುಹಿಸುವವರು ಅದರ ಬೆನ್ನನ್ನು ತೆಗೆಯುವುದಿಲ್ಲ. ಸ್ಟುಡಿಯೊದ ಮುದ್ರೆ, ಪ್ರಯೋಗಾಲಯದ ದಿನಾಂಕ, ಯಾರೊ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ಇರುವುದು ಅಲ್ಲಿಯೇ. ತೊಂಬತ್ತರ ದಶಕದ ಕೆಲವು ಕ್ಯಾಮೆರಾಗಳು ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದ ದಿನಾಂಕವನ್ನು ಅಚ್ಚೊತ್ತುತ್ತಿದ್ದವು. ಅದನ್ನು ಕುರುಡಾಗಿ ನಂಬಲಾಗದು, ಏಕೆಂದರೆ ಗಡಿಯಾರವನ್ನು ಸರಿಪಡಿಸದೆ ಬಳಸುತ್ತಿದ್ದವರೇ ಹೆಚ್ಚು.

ಹೀಗೆ ಹಂಚಿಕೆಯು ಚಿತ್ರವನ್ನು ಉಳಿಸುತ್ತಲೇ ಅದರ ಸಾಕ್ಷ್ಯವನ್ನು ಅಳಿಸುತ್ತದೆ. ಯಾವ ಊರು, ಯಾವ ವರ್ಷ, ಯಾರು ತೆಗೆದದ್ದು ಎಂದು ತಿಳಿಯದ ಚಿತ್ರದಿಂದ ನೆನಪಿನ ಸಂತೋಷ ದೊರೆತೀತು. ಅದನ್ನು ಆಧಾರವಾಗಿ ಉಲ್ಲೇಖಿಸಲು ಬರುವುದಿಲ್ಲ.

ಹೆಬ್ಬಗೋಡಿಗೆ ಸಮೀಪದ ಹುಸ್ಕೂರಿನ ಮದ್ದೂರಮ್ಮ ದೇವಿಯ ಜಾತ್ರೆ ಇದಕ್ಕೊಂದು ನಿದರ್ಶನ. ಸುತ್ತಲಿನ ಹಳ್ಳಿಗಳಿಂದ ನೂರು ಅಡಿಗೂ ಮೀರಿದ ಎತ್ತರದ ಕುರ್ಜುಗಳನ್ನು ಎತ್ತುಗಳು ಮತ್ತು ಟ್ರ್ಯಾಕ್ಟರುಗಳ ಸಹಾಯದಿಂದ ಎಳೆದು ತರುವುದು ಈ ಜಾತ್ರೆಯ ವೈಶಿಷ್ಟ್ಯ. 2024ರ ಏಪ್ರಿಲ್‌ನಲ್ಲಿ ಒಂದು ಕುರ್ಜು ಉರುಳಿತು. 2025ರ ಮಾರ್ಚ್‌ನಲ್ಲಿ ಮತ್ತೆ ಕುರ್ಜುಗಳು ಉರುಳಿ ಸಾವುಗಳು ಸಂಭವಿಸಿದವು. ಎರಡು ಸಲವೂ ನಾಡು ಆ ದೃಶ್ಯವನ್ನು ಕಂಡದ್ದು ಅಲ್ಲಿ ನೆರೆದಿದ್ದ ಜನ ಮೊಬೈಲಿನಲ್ಲಿ ಹಿಡಿದ ತುಣುಕುಗಳಿಂದ. ವಾಲುವ ಕುರ್ಜು, ಕೂಗು, ಧೂಳು, ಇಷ್ಟೇ ಇರುವ ಹತ್ತು ಸೆಕೆಂಡಿನ ತುಣುಕು ಇಪ್ಪತ್ತು ವರ್ಷಗಳ ಬಳಿಕ ಸಂಶೋಧಕನ ಕೈಸೇರಿದರೆ, ಅದು ಯಾವ ವರ್ಷದ್ದು, ಯಾವ ಹಳ್ಳಿಯ ಕುರ್ಜು, ಗಾಳಿ ಎತ್ತಣಿಂದ ಬೀಸುತ್ತಿತ್ತು ಎಂದು ಅವನು ಹೇಗೆ ನಿರ್ಧರಿಸಬೇಕು? ಜಾತ್ರೆಯ ಆಚರಣೆ, ಕುರ್ಜು ಕಟ್ಟುವ ವಿಧಾನ, ಎತ್ತರದ ಪೈಪೋಟಿ, ಅವಘಡದ ಕಾರಣ ಇವೆಲ್ಲಕ್ಕೂ ಈ ತುಣುಕುಗಳೇ ಮೂಲಾಧಾರಗಳು. ಉರುಳುವ ಕ್ಷಣಕ್ಕಿಂತ, ಹಿಂದಿನ ವಾರಗಳಲ್ಲಿ ಹಳ್ಳಿಯ ಬಯಲಿನಲ್ಲಿ ಮರದ ತೊಲೆಗಳನ್ನು ಹಗ್ಗದಿಂದ ಬಿಗಿಯುತ್ತಿದ್ದಾಗಿನ ಚಿತ್ರಗಳು ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳವು. ಅವನ್ನು ಮಾತ್ರ ಯಾರೂ ಮುಂದಕ್ಕೆ ಕಳುಹಿಸುವುದಿಲ್ಲ.

ಇನ್ನೂ ಗಂಭೀರವಾದ ಉದಾಹರಣೆ 2016ರದು. ಆ ವರ್ಷದ ಫೆಬ್ರವರಿ 10ರ ಕೇಂದ್ರ ಸರ್ಕಾರದ ಅಧಿಸೂಚನೆಯು ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆದುಕೊಳ್ಳದಂತೆ ನಿರ್ಬಂಧಿಸಿತು. ಇದನ್ನು ವಿರೋಧಿಸಿ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. 19ರಂದು ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ವಾಹನಗಳಿಗೆ ಬೆಂಕಿ ಬಿದ್ದಿತು. ಅದೇ ದಿನ ಸರ್ಕಾರವು ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ದೇಶದ ಪತ್ರಿಕೆಗಳಲ್ಲಿ ಹೆಬ್ಬಗೋಡಿಯ ಹೆಸರು ಅಷ್ಟು ದೊಡ್ಡದಾಗಿ ಬಂದದ್ದು ಅಪರೂಪ, ಮತ್ತು ಬಂದದ್ದು ಸುಟ್ಟ ವಾಹನಗಳ ಚಿತ್ರದೊಡನೆ. ತಿಂಗಳ ಸಂಬಳದಲ್ಲಿ ಕಡಿತವಾಗಿ ಕೂಡಿದ ತನ್ನ ಹಣ ತನಗೆ ಸಿಗದೆಂದು ಬೀದಿಗೆ ಬಂದ ಹೆಂಗಸಿನ ಮುಖವನ್ನು ಆ ಚಿತ್ರ ತೋರಿಸಲಾರದು. ರಸ್ತೆಯಲ್ಲಿ ಗೆಳತಿಯರೊಡನೆ ಕುಳಿತಾಗ ಅವರಲ್ಲಿ ಯಾರಾದರೂ ಚಿತ್ರ ತೆಗೆದಿದ್ದರೆ ಅದು ಕರ್ನಾಟಕದ ಕಾರ್ಮಿಕ ಚರಿತ್ರೆಯ ದಾಖಲೆ. ಅಂದಿನ ಮೊಬೈಲುಗಳು ಇಂದು ಬಳಕೆಯಲ್ಲಿರುವ ಸಂಭವ ಕಡಿಮೆ. ಕೇಳುವುದಾದರೆ ತಡಮಾಡಬಾರದು, ಕೇಳುವಾಗ, ಚಿತ್ರದಲ್ಲಿರುವವರ ಉದ್ಯೋಗಕ್ಕೆ ಅದರಿಂದ ಕುತ್ತು ಬಾರದಂತೆ ನೋಡಿಕೊಳ್ಳುವುದೂ ಸಂಗ್ರಹಕಾರನ ಹೊಣೆ.

ಯಾರ ಹೆಬ್ಬಗೋಡಿ

ನಿವಾಸಿ ಎಂಬ ಶಬ್ದವನ್ನು ಇಲ್ಲಿ ವಿಶಾಲಾರ್ಥದಲ್ಲಿ ಬಳಸಬೇಕಾಗಿದೆ. ಹೆಬ್ಬಗೋಡಿ, ಬೊಮ್ಮಸಂದ್ರಗಳ ಬಾಡಿಗೆ ಕೋಣೆಗಳಲ್ಲಿ ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರ, ಅಸ್ಸಾಂಗಳಿಂದ ಬಂದ ಕಾರ್ಮಿಕರಿದ್ದಾರೆ. ಅವರೂ ಚಿತ್ರ ತೆಗೆದು ಹಂಚುತ್ತಾರೆ, ಆದರೆ ಆ ಚಿತ್ರಗಳು ಹೋಗುವುದು ದೂರದ ಮನೆಗೆ. ಮೊದಲ ಸಂಬಳದ ಅಂಗಿ ತೊಟ್ಟು ಗಾಜಿನ ಕಟ್ಟಡದೆದುರು ನಿಂತ ಚಿತ್ರ, ಕೊರಳಲ್ಲಿ ಗುರುತಿನ ಪಟ್ಟಿ ಧರಿಸಿದ ಚಿತ್ರ, ಐದು ಜನ ಹಂಚಿಕೊಂಡ ಕೋಣೆಯಲ್ಲಿ ಸ್ಟವ್ ಮುಂದೆ ಕುಳಿತ ಚಿತ್ರ. ಹೆಬ್ಬಗೋಡಿಯ ಒಂದು ದೊಡ್ಡ ಚಿತ್ರಸಂಗ್ರಹ ಹೀಗೆ ಬೇರೆ ಊರುಗಳಲ್ಲಿ, ಬೇರೆ ಭಾಷೆಯ ಅಡಿಬರಹಗಳೊಡನೆ, ಹರಡಿಕೊಂಡಿದೆ.

ತಲೆಮಾರುಗಳಿಂದ ಇದ್ದವರ ಚಿತ್ರಗಳನ್ನು ಮಾತ್ರ ಕೂಡಿಹಾಕಿ 'ನಮ್ಮ ಊರು ಅಂದು' ಎಂದು ಹೆಸರಿಟ್ಟರೆ ರಾಗಿ ಹೊಲವೂ ಜಾತ್ರೆಯೂ ಸಿಗುತ್ತವೆ, ಊರನ್ನು ನಗರವಾಗಿ ಮಾಡಿದ ದುಡಿಮೆ ಸಿಗುವುದಿಲ್ಲ. ಹೊಸಬರ ಚಿತ್ರಗಳಿಂದ ಮಾತ್ರ ಸಂಗ್ರಹ ಮಾಡಿದರೆ ಈ ಊರು ಮೊನ್ನೆ ಹುಟ್ಟಿದಂತೆ ತೋರುತ್ತದೆ. ಬೆಂಗಳೂರಿನ ಹಳೆಯ ಚಿತ್ರಗಳೆಂದರೆ ದಂಡುಪ್ರದೇಶದ ಬಂಗಲೆ, ಮಹಾತ್ಮಗಾಂಧಿ ರಸ್ತೆ, ಲಾಲ್‌ಬಾಗುಗಳನ್ನೇ ನೆನೆಯುವ ಅಭಿರುಚಿಯೂ ಇಂಥದೇ ಇನ್ನೊಂದು ಮಿತಿ. ಆ ಚಿತ್ರಗಳ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಅವುಗಳ ಚೌಕಟ್ಟಿನ ಆಚೆಗೇ ಆನೇಕಲ್ ತಾಲ್ಲೂಕು ಇದೆ ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ.

ಕೆರೆಯ ದಡದಿಂದ ಎರಡು ಚಿತ್ರ

ಹೆಬ್ಬಗೋಡಿಯ ಕೆರೆ ಕೊಳಚೆಯಿಂದ ಕೆಟ್ಟಿದ್ದುದೂ, ಕಳೆದ ದಶಕದ ಉತ್ತರಾರ್ಧದಲ್ಲಿ ಬಯೋಕಾನ್ ಪ್ರತಿಷ್ಠಾನವು ಅದರ ಪುನಶ್ಚೇತನ ಕೈಗೊಂಡದ್ದೂ ತಿಳಿದ ವಿಷಯ. ಇಂಥ ಕಾರ್ಯಗಳ ಮೊದಲು-ನಂತರದ ಚಿತ್ರಗಳನ್ನು ಕಾರ್ಯ ಕೈಗೊಂಡ ಸಂಸ್ಥೆಗಳು ಪ್ರಕಟಿಸುವುದು ವಾಡಿಕೆ. ಆದರೆ ಕೆರೆಯ ಮಾತು ಎರಡು ಚಿತ್ರಗಳಲ್ಲಿ ಮುಗಿಯುವುದಿಲ್ಲ. ದನಗಳಿಗೆ ನೀರು ಕುಡಿಸುತ್ತಿದ್ದ ಕಾಲ, ಮೊದಲ ನೊರೆ ಕಂಡ ಕಾಲ, ಮೀನು ಸತ್ತ ಬೇಸಿಗೆ, ನಡಿಗೆದಾರಿ ಬಂದ ವರ್ಷ, ಮತ್ತೆ ಕಳೆ ತುಂಬಿದ ವರ್ಷ ಹೀಗೆ ಯಾವುದೇ ಕೆರೆಗೆ ಒಂದು ದೀರ್ಘ ಸರಣಿ ಇರುತ್ತದೆ. ಅದನ್ನು ಒದಗಿಸಬಲ್ಲವರು ದಿನವೂ ದಡದಲ್ಲಿ ನಡೆಯುವವರು.

ಸರಣಿಗೆ ಬೆಲೆ ಬರುವುದು ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ತೆಗೆದಾಗ. ಗ್ರೀನ್‌ಲಾ 1856ರಲ್ಲಿ ಕ್ಯಾಮೆರಾ ಇಟ್ಟ ಜಾಗಗಳನ್ನು ಹಂಪಿಯಲ್ಲಿ ಹುಡುಕಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಬಿದ್ದ ಗೋಪುರ, ಬೆಳೆದ ಮರ, ದುರಸ್ತಿಯಾದ ಮಂಟಪ ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತವೆ. ವಿದೇಶದ ತಜ್ಞರು ಮಾಡಿದ ಈ ಕೆಲಸವನ್ನು ಹೆಬ್ಬಗೋಡಿಯ ಪ್ರೌಢಶಾಲೆಯ ಮಕ್ಕಳೂ ಮಾಡಬಹುದು. ಬೇಕಾದದ್ದು ಕೆರೆಯ ಏರಿಯ ಮೇಲೆ ಗುರುತು ಮಾಡಿದ ಒಂದು ಕಲ್ಲು ಮತ್ತು ವರ್ಷಕ್ಕೆ ಎರಡು ದಿನ. ಒಂದು ಮಳೆಗಾಲದ ಕೊನೆಗೆ, ಒಂದು ಯುಗಾದಿಯ ಸುಮಾರಿಗೆ. ರಾಜಕಾಲುವೆಯ ಒತ್ತುವರಿಯ ವ್ಯಾಜ್ಯಗಳಲ್ಲಿಯೂ ಇಂಥ ಚಿತ್ರಗಳಿಗೆ ತೂಕವಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಬಯಸುತ್ತದೆ. ಎಲ್ಲಿಂದಲೋ ಬಂದು ಮುಂದೆ ಹೋದ ಚಿತ್ರಕ್ಕೆ ಆ ಪ್ರಮಾಣಪತ್ರ ಕೊಡಬಲ್ಲವರು ಸಿಗುವುದು ಕಷ್ಟ.

ಗ್ರಂಥಾಲಯದ ಪಾತ್ರ

ನಿವಾಸಿಗಳ ಹಂಚಿಕೆಯನ್ನು ಆಕರವಾಗಿಸಿದ ಪ್ರಯತ್ನಗಳು ಇಲ್ಲದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ತನ್ನ 3,000ಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಫ್ಲಿಕರ್ ತಾಣದಲ್ಲಿ ಸಾರ್ವಜನಿಕರ ಮುಂದಿಟ್ಟಾಗ, ಗ್ರಂಥಪಾಲಕರಿಗೆ ತಿಳಿಯದಿದ್ದ ವ್ಯಕ್ತಿ, ಸ್ಥಳ, ದಿನಾಂಕಗಳನ್ನು ಓದುಗರು ಗುರುತಿಸಿಕೊಟ್ಟರು. ನೇಪಾಳ ಪಿಕ್ಚರ್ ಲೈಬ್ರರಿಯು 2011ರಿಂದ ಕುಟುಂಬಗಳ ಆಲ್ಬಮ್ಮುಗಳನ್ನು ಡಿಜಿಟಲ್ ರೂಪಕ್ಕೆ ತಂದು ದೇಶದ ಸಾಮಾಜಿಕ ಚರಿತ್ರೆಗೆ ಸಾಮಗ್ರಿ ಒದಗಿಸಿದೆ. ನಮ್ಮಲ್ಲಿ ಪಿ.ಎಲ್. ಉದಯಕುಮಾರ್ ಮತ್ತು ಸಂಗಡಿಗರು ನಡೆಸಿದ ಬೆಂಗಳೂರಿನ ಶಾಸನಶಿಲೆಗಳ ಶೋಧ ಅನುಕರಣೀಯ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವನ್ನು ಹಿಡಿದು, ಊರವರ ನೆರವಿನಿಂದ ಕಲ್ಲುಗಳನ್ನು ಹುಡುಕಿ, ಚಿತ್ರವನ್ನೂ ಖಚಿತ ಸ್ಥಾನವನ್ನೂ ಎಲ್ಲರಿಗೂ ತೆರೆದಿಟ್ಟರು. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಬೆಳಕಿಗೆ ಬಂದು ಸಂರಕ್ಷಣೆಗೊಂಡದ್ದು ಈ ಕಳಕಳಿಯ ಫಲ. ಅಲ್ಲಿ ಚಿತ್ರದೊಡನೆ ಸ್ಥಾನವನ್ನು ದಾಖಲಿಸಲಾಗಿತ್ತು ಎಂಬುದೇ ಮುಖ್ಯ. ಕೇವಲ ಚಿತ್ರವಿದ್ದರೆ ಕಲ್ಲನ್ನು ಮತ್ತೆ ಹುಡುಕಬೇಕಾಗುತ್ತಿತ್ತು.

ಹೆಬ್ಬಗೋಡಿಯ ಮಟ್ಟದಲ್ಲಿ ಇದನ್ನು ಮಾಡಲು ದೊಡ್ಡ ಯೋಜನೆಯ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಗ್ರಂಥಾಲಯ ಶಾಸ್ತ್ರದಲ್ಲಿ ಬಳಕೆಯಲ್ಲಿರುವ ಡಬ್ಲಿನ್ ಕೋರ್ ವಿವರಣ ಪದ್ಧತಿಯಲ್ಲಿ 15 ಅಂಶಗಳಿವೆ. ಆಲ್ಬಮ್ಮು ಹಿಡಿದು ಬಂದ ಅಜ್ಜಿಯ ಮುಂದೆ ಹದಿನೈದು ಕಾಲಂಗಳ ನಮೂನೆಯನ್ನಿಟ್ಟರೆ ಆಕೆ ಮತ್ತೆ ಬರಲಾರಳು. ಎಲ್ಲಿ, ಯಾವಾಗ, ಯಾರು ಇದ್ದಾರೆ, ಯಾರು ತೆಗೆದರು, ಯಾರು ಹೀಗೆ ಹೇಳಿದರು, ಈ ಐದು ಸಾಕು. ವರ್ಷ ತಿಳಿಯದಿದ್ದರೆ 'ದೊಡ್ಡ ಮಗನ ಮದುವೆ, ಮೇಲ್ಸೇತುವೆ ರಸ್ತೆ ಆಗುವ ಮುಂಚೆ' ಎಂದು ಆಕೆ ಹೇಳಿದಂತೆಯೇ ಬರೆದುಕೊಳ್ಳಬೇಕು; ಊಹಿಸಿ ಇಸವಿ ಹಾಕಬಾರದು. ಐದನೆಯ ಪ್ರಶ್ನೆಯನ್ನು ಬಿಡಬಾರದು, ಏಕೆಂದರೆ ಒಂದೇ ಚಿತ್ರಕ್ಕೆ ಇಬ್ಬರು ಎರಡು ಬೀದಿಯ ಹೆಸರು ಹೇಳುವುದುಂಟು, ಇಬ್ಬರ ಮಾತೂ ದಾಖಲಾಗಬೇಕು. ಕಾಗದದ ಚಿತ್ರವಾದರೆ ಮುಂಬದಿ, ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡಿ, ಮೂಲವನ್ನು ಅಂದೇ ಮನೆಯವರಿಗೆ ಹಿಂದಿರುಗಿಸುವುದು ಲೇಸು. ಬೆನ್ನಿನ ಮೇಲೆ ಬರೆಯಲೇಬೇಕಾದರೆ ಮೃದುವಾದ ಪೆನ್ಸಿಲಿನಿಂದ, ಅಂಚಿನಲ್ಲಿ ಬರೆಯತಕ್ಕದ್ದು.

ಹಕ್ಕಿನ ಪ್ರಶ್ನೆಯಲ್ಲಿ ಅನಗತ್ಯ ಅಂಜಿಕೆಯೂ ಅನಗತ್ಯ ಧೈರ್ಯವೂ ಕಂಡುಬರುತ್ತವೆ. ಕೃತಿಸ್ವಾಮ್ಯ ಅಧಿನಿಯಮ 1957ರ 17ನೆಯ ಪ್ರಕರಣದ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದುದರಿಂದ ಮದುವೆಯ ಆಲ್ಬಮ್ಮನ್ನು ಕೊಡಲು ಸಾಮಾನ್ಯವಾಗಿ ಸ್ಟುಡಿಯೊದ ಅನುಮತಿ ಬೇಕಾಗುವುದಿಲ್ಲ. ನಿವಾಸಿಯೇ ತೆಗೆದ ಚಿತ್ರದ ಹಕ್ಕು ಅವನದು. 2012ರ ತಿದ್ದುಪಡಿಯ ನಂತರ ಅದು ಅವನ ಜೀವಿತಕಾಲ ಮತ್ತು ಆ ಮೇಲಿನ 60 ವರ್ಷಗಳವರೆಗೆ ಇರುತ್ತದೆ. ಗುಂಪಿನಲ್ಲಿ ಬಂದ ಚಿತ್ರವನ್ನು ಯಾರದೆಂದು ಕೇಳದೆ ಪುಸ್ತಕದಲ್ಲಿ ಅಚ್ಚುಹಾಕಿ 'ಕೃಪೆ: ಅಂತರ್ಜಾಲ' ಎಂದು ಬರೆಯುವ ಪದ್ಧತಿ ನಮ್ಮ ಪ್ರಕಾಶನಗಳಲ್ಲಿ ಬೆಳೆದಿದೆ. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ಕಾನೂನು ಬಿಡುವು ಕೊಟ್ಟಲ್ಲಿಯೂ ಚಿತ್ರದಲ್ಲಿರುವವರ ಸಮ್ಮತಿ ಬೇರೆಯೇ ವಿಷಯ: ಬಾಣಂತನದ ಕೋಣೆಯ, ಸಾವಿನ ಮನೆಯ ಚಿತ್ರಗಳನ್ನು ಮನೆಯವರು ಕೊಟ್ಟರೂ ತೆರೆದಿಡುವ ಮುನ್ನ ಎರಡು ಬಾರಿ ಕೇಳುವುದು ಉಚಿತ.

2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಉದ್ಘಾಟನೆಯಾಗಿ, ಮರುದಿನ ಸಾರ್ವಜನಿಕರಿಗೆ ತೆರೆಯಿತು. 19.15 ಕಿಲೋಮೀಟರ್ ಉದ್ದದ, 16 ನಿಲ್ದಾಣಗಳ ಈ ಮಾರ್ಗದಲ್ಲಿ ಊರಿನ ಹೆಸರು ಬಯೋಕಾನ್ ಹೆಬ್ಬಗೋಡಿ ಎಂಬ ಜೋಡಿಪದವಾಗಿ ಫಲಕವನ್ನೇರಿತು. ಮೊದಲ ರೈಲಿನ ಚಿತ್ರಗಳಿಗೇನೂ ಕೊರತೆಯಾಗುವುದಿಲ್ಲ. ಅವುಗಳ ದಿನಾಂಕವನ್ನೂ ಯಾರು ಬೇಕಾದರೂ ಹೇಳಬಲ್ಲರು. ದೊರೆಯಬೇಕಾದದ್ದು ಅದೇ ಜಾಗದಲ್ಲಿ ಕಂಬಗಳೇಳುವ ಮೊದಲು, ರಸ್ತೆಯ ಆಚೆ ಬದಿಯಿಂದ ಕಾಣುತ್ತಿದ್ದ ಅಂಗಡಿಸಾಲು ಮತ್ತು ಅದರ ಹಿಂದಿನ ಮನೆಗಳು. ಯಾವುದೋ ಗೃಹಪ್ರವೇಶದ ಆಲ್ಬಮ್ಮಿನಲ್ಲಿ, ಹಸುವಿಗೆ ಕುಂಕುಮವಿಡುತ್ತಿರುವ ಹೆಂಗಸಿನ ಭುಜದ ಮೇಲಿಂದ, ಅದು ಕಾಣುತ್ತಿರಬಹುದು.